ಏಳನೇ ಬ್ಲಾಕಿನ ರಿಬ್ಬನ್

ಬೋರರ್ ಹುಳ ಹೊಕ್ಕ ಕಾಫಿ ಗಿಡ ಒಂದೇ ನೋಟಕ್ಕೆ ಗೊತ್ತಾಗುವುದಿಲ್ಲ. ಎಲೆ ಸ್ವಲ್ಪ ಹಳದಿ ತಿರುಗಿರುತ್ತದೆ, ಅಷ್ಟೆ. ಬಗ್ಗಿ ಕಾಂಡದ ಮೇಲೆ ಕೈಯಾಡಿಸಬೇಕು. ತೊಗಟೆಯಲ್ಲಿ ಬಳೆ ತೊಡಿಸಿದ ಹಾಗೆ ಉಬ್ಬಿದ ಗೆರೆ ಸಿಕ್ಕರೆ ಒಳಗೆ ಹುಳ ಇದೆ. ಆ ಗಿಡಕ್ಕೆ ನಾವು ಹೆಂಗಸರು ಒಂದು ಬಟ್ಟೆಯ ಚೂರು ಕಟ್ಟಿ ಮುಂದಿನ ಗಿಡಕ್ಕೆ ಹೋಗುತ್ತೇವೆ. ಮರುದಿನ ಗಂಡಾಳುಗಳು ಬಂದು ಬಟ್ಟೆ ಕಟ್ಟಿದ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು, ಕಣದ ಹಿಂದೆ ರಾಶಿ ಹಾಕಿ ಸುಡುತ್ತಾರೆ. ಅಕ್ಟೋಬರಿನಲ್ಲಿ ಹುಳ ಹೊರಗೆ ಹಾರುವ ಮೊದಲು ಇದು ಮುಗಿಯಬೇಕು. ಮೂರ್ನಾಡಿನ ಆಚೆ ಇರುವ ನಮ್ಮ ಎಸ್ಟೇಟಿನಲ್ಲಿ ಈ ಕೆಲಸಕ್ಕೆ ಮೊದಲು ಕರೆಯುವುದು ನನ್ನನ್ನು. ಬಾಯಿ ಮುಚ್ಚಿಕೊಂಡು ನೋಡುವ ಕೆಲಸ ನನಗೆ ಬರುತ್ತದೆ.

ಈ ಸಲ ಬೋರರ್ ನೋಡುವ ವಾರದಲ್ಲೇ ಬೆಟ್ಟದ ಓಟವೂ ಬಂತು. ಮೈಸೂರಿನ ಒಂದು ಟ್ರಸ್ಟಿನವರು ನಡೆಸುವ ಓಟ, ಇಪ್ಪತ್ತೊಂದು ಕಿಲೋಮೀಟರ್. ನಮ್ಮ ಕಾಫಿ ಕಣದಿಂದ ಹೊರಟು, ಎಸ್ಟೇಟಿನ ಹಿಂದಿನ ಹುಲ್ಲುಬೆಟ್ಟ ಹತ್ತಿ, ಸುತ್ತು ಹಾಕಿ ಇಳಿದು, ತೋಟದೊಳಗಿನಿಂದ ಮತ್ತೆ ಕಣಕ್ಕೆ. ಓಡುವವರು ಕೊಡುವ ಹಣ ಸಕ್ಕರೆ ಕಾಯಿಲೆ ಇರುವ ಮಕ್ಕಳ ಇನ್ಸುಲಿನ್‌ಗೆ ಹೋಗುತ್ತದೆ ಎಂದು ಗೇಟಿನ ಹತ್ತಿರ ಅಂಟಿಸಿದ ಪೋಸ್ಟರಿನಲ್ಲಿತ್ತು.

ಪೋಸ್ಟರನ್ನು ನಾನೇ ನಮ್ಮ ಕೂಲಿಯವರ ಲೈನ್ ಮನೆಯವರಿಗೆ ಓದಿ ಹೇಳಿದೆ. ಪಕ್ಕದ ಮನೆಯ ಕೆಂಚಿಯಕ್ಕ ನಕ್ಕಳು. "ಮಕ್ಳಿಗೆ ಎಲ್ಲಿಂದ ಬರ್ತದೆ ಸಕ್ರೆ ಕಾಯ್ಲೆ? ಅದು ಸಾವ್ಕಾರ್ರಿಗೆ ಬರೋದು. ನಾವು ತಿನ್ನೋ ರೇಷನ್ ಅಕ್ಕಿಗೆ ಸಕ್ರೆ ಕಾಯ್ಲೆ ನಮ್ ಹತ್ರ ಸುಳಿಯೋದೂ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಆ ಕಾಯಿಲೆ ಹದಿಮೂರನೇ ವಯಸ್ಸಿನಿಂದ ಇದೆ.

ಎಂಟನೇ ಕ್ಲಾಸಿನಲ್ಲಿದ್ದಾಗ ಬೆಳಗಿನ ಪ್ರಾರ್ಥನೆಗೆ ನಿಂತಲ್ಲೇ ಬಿದ್ದೆ. ಮಡಿಕೇರಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆ. ಶಾಲೆಗೆ ವಾಪಸು ಹೋದ ತಿಂಗಳಲ್ಲೇ ಇನ್ನೊಂದು ಸಲ ಕ್ಲಾಸಿನಲ್ಲಿ ಬಿದ್ದೆ. ಪೂರ್ತಿ ಗುಣ ಆದ ಮೇಲೆ ಕಳಿಸಿ ಎಂದು ಮೇಷ್ಟ್ರು ಅವ್ವನಿಗೆ ಹೇಳಿದರು. ಅದು ಗುಣ ಆಗುವ ಕಾಯಿಲೆ ಅಲ್ಲ. ಹಾಗಾಗಿ ನಾನು ಮತ್ತೆ ಹೋಗಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ ಬಚ್ಚಲಿನಲ್ಲಿ ನಿಂತು ಚುಚ್ಚಿಕೊಳ್ಳುತ್ತೇನೆ. ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಮರಳಿನಲ್ಲಿ ಹೂತ ಕುಡಿಕೆ, ಕುಡಿಕೆಯಲ್ಲಿ ಔಷಧಿ. ಯಾರೂ ಇಣುಕದಿರಲಿ ಎಂದು ಅವ್ವ ಮಡಕೆಯ ಮೇಲೆ ಮೊರ ಮುಚ್ಚಿ ಈರುಳ್ಳಿ ಹರಡಿದ್ದಾಳೆ. ಹುಡುಗಿಗೆ ಕಾಯಿಲೆ ಇದೆ ಎಂದು ಗೊತ್ತಾದರೆ ಸಂಬಂಧ ಕೇಳಿಕೊಂಡು ಯಾರೂ ಬರುವುದಿಲ್ಲ ಎಂಬುದು ಅವಳ ಭಯ. ಸೂಜಿಯ ಮೇಲೆ ಹೊಟ್ಟೆಗೆ ಸಾಲದೆ ಮೈಯಲ್ಲಿ ಸಕ್ಕರೆ ಇಳಿದು, ಕೆಲಸದ ಮಧ್ಯೆ ಕೈ ನಡುಗಿದರೆ ಸೊಂಟದ ಚೀಲದಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತೇನೆ. ಬೆಲ್ಲದ ಆಸೆ ಬಿಡದ ಹುಡುಗಿ ಎಂದು ಗ್ಯಾಂಗಿನ ಹೆಂಗಸರು ಅಣಕಿಸುತ್ತಾರೆ.

ಬುಧವಾರ ಓಟದ ದಾರಿಗೆ ಗುರುತು ಕಟ್ಟಿದೆವು. ಟ್ರಸ್ಟಿನವರು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ರಿಬ್ಬನ್ನಿನ ಸುರುಳಿಗಳನ್ನು ತಂದಿದ್ದರು. ಬೆಟ್ಟ, ತೋಟ ಎರಡೂ ಚೆನ್ನಾಗಿ ಗೊತ್ತಿರುವ ಗಿರಿಯಣ್ಣನಿಗೆ ಆ ಕೆಲಸ ಕೊಟ್ಟಿದ್ದರು. ಅವನೂ ನಮ್ಮ ಲೈನಿನವನೇ, ಮರಗಸಿ ಮಾಡುವವನು, ಎಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವನು. ತೋಟದೊಳಗಿನ ದಾರಿಗೆ ಜೊತೆಗೆ ನನ್ನನ್ನು ಕರೆದುಕೊಂಡ. ಅವನು ಸಿಲ್ವರ್ ಓಕ್ ಮರಗಳ ಕೊಂಬೆಗೆ, ತಲೆಯ ಎತ್ತರಕ್ಕೆ ಕಟ್ಟುತ್ತಾ ಹೋದ. ನಾನು ಹಿಂದಿನಿಂದ ಕತ್ತರಿಸಿ ಕೊಡುತ್ತಾ ಹೋದೆ. ಉಳಿದ ಸುರುಳಿಯನ್ನು ಸ್ಟೋರಿಗೆ ಕೊಡು ಎಂದು ಹೇಳಿ ಕೊಟ್ಟ. ಸ್ಟೋರಿಗೆ ಬೀಗ ಹಾಕಿತ್ತು. ಸುರುಳಿ ನನ್ನ ಚೀಲದಲ್ಲೇ ಉಳಿಯಿತು.

ಗುರುವಾರ ನಾನು ತೋಟದ ಏಳನೇ ಬ್ಲಾಕಿನಲ್ಲಿ ಬೋರರ್ ನೋಡುತ್ತಿದ್ದೆ. ಮೂರು ಗಂಟೆಗೆ ಬಟ್ಟೆಯ ಚೂರು ಮುಗಿಯಿತು. ಕೆಳಗೆ ಹೋಗಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ತಂದರೆ ಅರ್ಧ ಗಂಟೆ ಬೇಕು. ಕೇಳಲು ಮಾತಾಡಬೇಕು. ನಾನು ಚೀಲದಿಂದ ರಿಬ್ಬನ್ ತೆಗೆದು ಉಳಿದ ಗಿಡಗಳಿಗೆ ಅದನ್ನೇ ಕಟ್ಟಿದೆ. ಹತ್ತೊಂಬತ್ತು ಗಿಡ. ಮೊದಲನೆಯದು ಓಟದ ದಾರಿಯ ಅಂಚಿನಲ್ಲೇ ಇತ್ತು. ಅಲ್ಲಿಂದ ಸಾಲು ಎಡಕ್ಕೆ ತಿರುಗಿ, ಇಳಿಜಾರಿನಲ್ಲಿ ಕೆಳಗೆ ನೀರು ಹರಿಯುವ ತೋಡಿನವರೆಗೆ ಹೋಗಿತ್ತು. ಶುಕ್ರವಾರ ಹೇಗೂ ಗಂಡಾಳುಗಳು ಕೀಳುತ್ತಾರೆ, ಭಾನುವಾರದ ಓಟಕ್ಕೆ ಗಿಡವೂ ಇರುವುದಿಲ್ಲ, ರಿಬ್ಬನ್ನೂ ಇರುವುದಿಲ್ಲ ಎಂದುಕೊಂಡೆ.

ಶುಕ್ರವಾರ ಗಂಡಾಳುಗಳನ್ನೆಲ್ಲ ಎಸ್ಟೇಟಿನ ಸಾಹುಕಾರರು ಓಟದ ದಾರಿಯ ಲಂಟಾನ ಪೊದೆ ಕಡಿಯಲು ಕಳಿಸಿದರು. ಶನಿವಾರ ಅದೇ ಆಳುಗಳು ಕಣದಲ್ಲಿ ಶಾಮಿಯಾನ ಕಟ್ಟಿದರು. ಸಂಜೆ ಸೌದೆ ಹೊತ್ತುಕೊಂಡು ಏಳನೇ ಬ್ಲಾಕಿನ ಪಕ್ಕದಲ್ಲಿ ಬರುವಾಗ ನೋಡುತ್ತೇನೆ, ಗಿಡಗಳು ಹಾಗೇ ಇವೆ. ರಿಬ್ಬನ್ ಗಾಳಿಗೆ ಅಲುಗಾಡುತ್ತಿದೆ.

ಬಿಚ್ಚಲು ಒಳಗೆ ಹೋಗುವ ಹೊತ್ತು ಅದಾಗಿರಲಿಲ್ಲ. ಕತ್ತಲಾಗುವ ಸಮಯಕ್ಕೆ ಆ ತೋಡಿಗೆ ಆನೆ ಇಳಿಯುತ್ತದೆ. ಸೌದೆ ಇಳಿಸಿ ಕಣಕ್ಕೆ ಹೋದೆ. ಗಿರಿಯಣ್ಣ ಹತ್ತು ಜನರ ನಡುವೆ ಇದ್ದ. ಒಬ್ಬರು ಜನರೇಟರ್ ಎನ್ನುತ್ತಿದ್ದರು, ಇನ್ನೊಬ್ಬರು ನೀರಿನ ಕ್ಯಾನ್ ಎನ್ನುತ್ತಿದ್ದರು. ಟ್ರಸ್ಟಿನ ಶೋಭಿತಾ ಮೇಡಂ ಮ್ಯಾಪ್ ಹಿಡಿದು ಏನೋ ತೋರಿಸುತ್ತಿದ್ದರು. ನಾನು ಕಂಬದ ಪಕ್ಕ ನಿಂತೆ. ಕಾಲು ಗಂಟೆ ನಿಂತಿರಬಹುದು. ಗಿರಿಯಣ್ಣ ಒಮ್ಮೆ ನನ್ನ ಕಡೆ ನೋಡಿದ.

"ಏನು ಮಾಲತಿ?"

ಎಲ್ಲರೂ ತಿರುಗಿ ನೋಡಿದರು. ಮೇಡಂ ಕೂಡ ನೋಡಿದರು.

"ಏನಿಲ್ಲ ಗಿರಿಯಣ್ಣ" ಎಂದೆ.

ಮನೆಗೆ ಬಂದೆ. ಬೆಳಿಗ್ಗೆ ಬೇಗ ಎದ್ದು ಹೋಗಿ ಬಿಚ್ಚಿಬಿಡೋಣ ಎಂದುಕೊಂಡು ಮಲಗಿದೆ. ಇನ್ನೂ ಕತ್ತಲಿರುವಾಗಲೇ ರೈಟರ್ ಲೈನಿಗೆ ಬಂದು, ಐದೂವರೆಗೆ ಎಲ್ಲರೂ ಕಣದಲ್ಲಿರಬೇಕು ಎಂದು ಕೂಗಿದರು. ಸೂಜಿ ಹಾಕಿಕೊಂಡು, ಎರಡು ರೊಟ್ಟಿ ತಿಂದು ಹೊರಟೆ.

ಕಣದ ತುಂಬಾ ಜನ. ಕಾಫಿ ಒಣಗಿಸುವ ಜಾಗದಲ್ಲಿ ಬಣ್ಣಬಣ್ಣದ ಬೂಟು ಹಾಕಿಕೊಂಡವರು ಕಾಲು ಎಳೆದು ಬಗ್ಗಿ ಏಳುತ್ತಿದ್ದರು. ಎದೆಯ ಮೇಲಿನ ನಂಬರು ಹೆಚ್ಚಿನವರಿಗೆ ಬಿಳಿ, ಎಂಟು ಜನಕ್ಕೆ ಮಾತ್ರ ನೀಲಿ. ನೀಲಿಯವರು ಆ ಕಾಯಿಲೆ ಇದ್ದೂ ಓಡುವವರು ಎಂದು ಶೋಭಿತಾ ಮೇಡಂ ಕೆಲಸದವರಿಗೆಲ್ಲ ಹೇಳಿಕೊಟ್ಟಿದ್ದರು. ನಾನು ಆ ಎಂಟು ಜನರನ್ನೇ ನೋಡುತ್ತಿದ್ದೆ. ಅಂಥವರನ್ನು ಅದುವರೆಗೆ ಆಸ್ಪತ್ರೆಯ ಹೊರಗೆ ನೋಡಿರಲಿಲ್ಲ. ನಂಬರು ನೀಲಿ ಎಂದು ಅವರು ಯಾರೂ ಶಾಲು ಹೊದ್ದು ಮುಚ್ಚಿಕೊಂಡಿರಲಿಲ್ಲ.

ಅವರಲ್ಲಿ ಐವತ್ತೆಂಟನೇ ನಂಬರಿನ ಹುಡುಗಿಗೆ ಹತ್ತೊಂಬತ್ತು ಇರಬಹುದು. ಎರಡು ಜಡೆ ಹಾಕಿ ಮೇಲಕ್ಕೆ ಕಟ್ಟಿದ್ದಳು. ಅವಳ ಅಪ್ಪ ಮಗಳ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು, ಅವಳ ಸೊಂಟದ ಪೌಚಿನ ಜಿಪ್ ಎಳೆದು ನೋಡುತ್ತಿದ್ದರು.

"ಎಲ್ಡೇ ಗ್ಲೂಕೋಸ್ ಐತಲ್ಲೇ ಹರ್ಷಿತಾ? ನಾಕು ಇಟ್ಕೊ ಅಂದಿದ್ನಲ್ಲ."

"ಸಾಕು ಅಪ್ಪ. ಬೆಟ್ಟದ ಮೇಲೆ ಒಂದು ಕಡೆ, ತೋಟದಲ್ಲಿ ಒಂದು ಕಡೆ ಕುಡಿಯೋಕೆ ಕೊಡ್ತಾರೆ. ನೀನು ಮೊದ್ಲು ಆ ಸ್ವೆಟರ್ ಹಾಕ್ಕೋ, ನಡುಗ್ತಾ ಇದೀಯ."

"ನಾನ್ಯಾಕೆ ನಡುಗ್ಲಿ? ಶುಂಠಿ ಹೊಲದಲ್ಲಿ ಇದಕ್ಕಿಂತ ಚಳಿ ಕಂಡಿದೀನಿ." ನನ್ನ ಕಡೆ ತಿರುಗಿದರು. "ಅವ್ವಾ, ಒಂದು ಲೋಟ ಬಿಸಿನೀರು ಸಿಕ್ತದಾ?"

ತಂದುಕೊಟ್ಟೆ. ಅವರ ಹೆಸರು ಪುಟ್ಟರಾಜು, ಕುಶಾಲನಗರದ ಆಚೆ ಶುಂಠಿ ಬೆಳೆಯುವವರು ಎಂದು ಅವರೇ ಹೇಳಿದರು. ಹೆಂಡತಿ ಇಲ್ಲವಂತೆ. ಎಂಟು ವರ್ಷದವಳಿದ್ದಾಗಿಂದ ಮಗಳಿಗೆ ಸೂಜಿ ಹಾಕಿದ್ದು ಅವರೇ. ನಾನು ಹೂಂ ಎಂದೆ. ರಿಬ್ಬನ್ನಿನ ವಿಷಯ ಆಗಲೂ ಬಾಯಿಗೆ ಬಂದಿತ್ತು. ದಾರಿ ಚೆನ್ನಾಗಿದೆಯಾ ಎಂದು ಅವರು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ.

ಏಳು ಗಂಟೆಗೆ ಓಟ ಶುರುವಾಯಿತು.

ತೋಟದೊಳಗಿನ ಎರಡನೇ ನೀರಿನ ಟೇಬಲ್ಲಿಗೆ ನನ್ನನ್ನೂ ರೈಟರ್ ಚೇತನ್‌ಕುಮಾರರನ್ನೂ ಹಾಕಿದ್ದರು. ಏಳನೇ ಬ್ಲಾಕ್ ದಾಟಿ ಮುಕ್ಕಾಲು ಕಿಲೋಮೀಟರ್ ಕೆಳಗೆ. ನಾನು ಸಕ್ಕರೆ ನೀರು, ಬಾಳೆಹಣ್ಣು ಕೊಟ್ಟು ನಂಬರು ಓದಬೇಕು. ಅವರು ಪಟ್ಟಿಯಲ್ಲಿ ಗುರುತು ಹಾಕಬೇಕು. ಅಲ್ಲಿ ನಿಂತ ಮೊದಲ ಗಂಟೆಯಲ್ಲೇ ಓಡಿ ಹೋಗಿ ರಿಬ್ಬನ್ ಬಿಚ್ಚಿ ಬರಬಹುದಾಗಿತ್ತು. ರೈಟರ್ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಾ ನಿಂತೆ. ಯೋಚನೆ ಮುಗಿಯುವ ಮೊದಲೇ ಎಲ್ಲರಿಗಿಂತ ಮುಂದಿದ್ದ ಓಟಗಾರರು ಬಂದರು. ಒಟ್ಟಿಗೆ ಏಳೆಂಟು ಜನ, ಒಬ್ಬರ ಹಿಂದೆ ಒಬ್ಬರು. ಸರಿಯಾದ ದಾರಿಯಲ್ಲೇ ಬಂದಿದ್ದರು. ಅವರ ಹಿಂದೆ ಇನ್ನೊಂದು ಗುಂಪು. ಇನ್ನು ತೊಂದರೆ ಇಲ್ಲ ಎಂದುಕೊಂಡೆ.

"ನೋಡು ಮಾರಾಯ್ತಿ" ಎಂದರು ರೈಟರ್. "ನಮ್ಗೆ ಬೆಟ್ಟ ಹತ್ತೋಕೆ ಸಂಬಳ ಕೊಡ್ಬೇಕು. ಇವ್ರು ತಾವೇ ದುಡ್ಡು ಕೊಟ್ಟು ಹತ್ತುತಾರೆ. ನಾಳೆಯಿಂದ ನಿಮ್ ಗ್ಯಾಂಗಿಗೂ ಒಂದೊಂದು ನಂಬರ್ ಕಟ್ಟಿಬಿಡ್ತೀನಿ, ಸಾವ್ಕಾರ್ರಿಗೆ ಖುಷಿ ಆಗ್ತದೆ."

ಒಂಬತ್ತು ಗಂಟೆಯ ಹೊತ್ತಿಗೆ ಬೆಟ್ಟದಿಂದ ಮಂಜು ಇಳಿಯಿತು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣದ ಮಂಜು. ಅದರೊಳಗಿನಿಂದ ಮೊದಲು ಬೂಟಿನ ಸದ್ದು ಬರುತ್ತಿತ್ತು, ಆಮೇಲೆ ಮನುಷ್ಯರು. ಬೆಟ್ಟದ ಮೇಲಿನ ಟೇಬಲ್ಲಿನಿಂದ ರೈಟರ್ ಫೋನಿಗೆ ನಂಬರುಗಳು ಬರುತ್ತಿದ್ದವು. ಐವತ್ತೆಂಟು ಒಂಬತ್ತೂ ಹತ್ತಕ್ಕೆ ಅಲ್ಲಿಂದ ಇಳಿದಿತ್ತು. ಅಲ್ಲಿಂದ ನಮ್ಮಲ್ಲಿಗೆ ಹೆಚ್ಚೆಂದರೆ ಮುಕ್ಕಾಲು ಗಂಟೆ. ಹತ್ತು ಗಂಟೆಯಾಯಿತು. ಅವಳ ನಂತರ ಇಳಿದ ಮೂವರು ಒಟ್ಟಿಗೆ ಬಂದು ನೀರು ಕುಡಿದರು. ದಾರಿಯಲ್ಲಿ ನೀಲಿ ನಂಬರಿನ ಹುಡುಗಿ ಸಿಕ್ಕಿದಳಾ ಎಂದು ರೈಟರ್ ಕೇಳಿದರು. ಇಲ್ಲ ಎಂದರು.

"ಓಟ ಬಿಟ್ಟು ಟ್ರಸ್ಟಿನವ್ರ ಜೀಪಲ್ಲಿ ಹೋಗಿರ್ಬೇಕು" ಎಂದರು ರೈಟರ್, ಪಟ್ಟಿಯ ಮೇಲೆ ಪೆನ್ನಿಟ್ಟು.

ಅವಳು ಜೀಪಿನಲ್ಲಿ ಹೋಗಿಲ್ಲ ಎಂದು ನನಗೆ ಗೊತ್ತಿತ್ತು. ಮಂಜಿನಲ್ಲಿ ಒಬ್ಬಳೇ ಬಂದಿದ್ದಾಳೆ. ಮುಂದಿನವರು ಕಾಣಿಸಿಲ್ಲ, ಹಿಂದಿನವರು ಬಂದಿಲ್ಲ. ಕೊಂಬೆಯ ಮೇಲಿನ ರಿಬ್ಬನ್ನಿಗಿಂತ ಪಕ್ಕದ ಗಿಡದ ರಿಬ್ಬನ್ ಹತ್ತಿರ ಕಂಡಿದೆ. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಎಸ್ಟೇಟಿನವರಾದರೆ ಕಾಫಿ ಗಿಡಕ್ಕೆ ಏನೇ ಕಟ್ಟಿದ್ದರೂ ಅದು ಬೋರರ್ ಗುರುತು ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಶುಂಠಿ ಬೆಳೆಯುವವರ ಮಗಳಿಗೆ ಅದು ಹೇಗೆ ಗೊತ್ತಾಗಬೇಕು?

"ನಾನು ನೋಡ್ಕೊಂಡು ಬರ್ತೀನಿ" ಎಂದೆ.

"ಎಲ್ಲಿಗೆ? ಟೇಬಲ್ ಯಾರು ನೋಡೋದು? ಏಯ್ ಮಾಲತಿ! ಇವ್ಳಿಗೇನಾಯ್ತು?"

ನಾನು ಆಗಲೇ ಓಡುತ್ತಿದ್ದೆ.

ಏಳನೇ ಬ್ಲಾಕಿನ ತಿರುವಿನಲ್ಲಿ ಮೊದಲ ಗಿಡದ ಬುಡದಲ್ಲಿ ಒದ್ದೆ ಮಣ್ಣಿನ ಮೇಲೆ ಬೂಟಿನ ಗುರುತು ಇತ್ತು. ಒಬ್ಬಳದೇ. ನಾನು ನನ್ನ ರಿಬ್ಬನ್ನುಗಳನ್ನೇ ಹಿಡಿದು ಇಳಿದೆ. ಒಂದು ಕಡೆ ಹೆಜ್ಜೆ ನಿಂತು, ಸುತ್ತ ತಿರುಗಿ, ಮತ್ತೆ ಮುಂದಿನ ರಿಬ್ಬನ್ನಿನ ಕಡೆಗೆ ಹೋಗಿತ್ತು. ಅವಳಿಗೆ ಅನುಮಾನ ಬಂದಿದೆ, ಆದರೂ ರಿಬ್ಬನ್ನನ್ನು ನಂಬಿದ್ದಾಳೆ. ಹತ್ತೊಂಬತ್ತನೆಯ ಗಿಡ ಇಳಿಜಾರಿನ ಕೊನೆಯಲ್ಲಿತ್ತು. ಅದರಾಚೆ ಏನೂ ಇಲ್ಲ. ಕೆಳಗೆ ತೋಡಿನ ಸದ್ದು ಮಾತ್ರ.

"ಹರ್ಷಿತಾ" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಉತ್ತರ ಬರಲಿಲ್ಲ. ಮತ್ತೆ ಮತ್ತೆ ಕೂಗಿದೆ.

ಅವಳು ತೊಟ್ಟಿಲು ಗುಂಡಿಯಲ್ಲಿದ್ದಳು. ಮಳೆ ನೀರು ಇಂಗಲೆಂದು ಕಾಫಿ ಸಾಲುಗಳ ನಡುವೆ ಉದ್ದಕ್ಕೆ ತೋಡುವ ಗುಂಡಿ. ಒಣಗಿದೆಲೆಯ ದರಗು ತುಂಬಿ ಮೇಲಿನಿಂದ ನೆಲದ ಹಾಗೇ ಕಾಣುತ್ತದೆ. ಕಾಲು ಉಳುಕಿಸಿಕೊಂಡು ಬಿದ್ದವಳು ಎದ್ದಿರಲಿಲ್ಲ. ಪೌಚ್ ತೆರೆದಿತ್ತು, ಒಳಗೆ ಗ್ಲೂಕೋಸಿನ ಎರಡು ಖಾಲಿ ಕಾಗದ. ಮುಖ ಬೆಳ್ಳಗಾಗಿ, ಅಷ್ಟು ಚಳಿಯಲ್ಲೂ ಬೆವರು ಇಳಿಯುತ್ತಿತ್ತು. ಕಣ್ಣು ತೆರೆದಿದ್ದಳು. ಆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ.

"ಬಿಡಿ ನನ್ನ" ಎಂದಳು, ನಾಲಿಗೆ ಹೊರಳದೆ. "ಬಸ್ಸು ಹೋಯ್ತು. ಬಿಡಿ."

ಕೈ ಹಿಡಿದರೆ ತಳ್ಳಿದಳು. ಒಮ್ಮೆ ಹೊಡೆದಳು. ನಾನೂ ಹೀಗೆ ಅವ್ವನ ಕೈ ಕಚ್ಚಿದ್ದೇನಂತೆ, ನನಗೆ ನೆನಪಿಲ್ಲ. ಗುಂಡಿಗೆ ಇಳಿದು ಅವಳ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡೆ. ಚೀಲದಲ್ಲಿದ್ದ ಬೆಲ್ಲವನ್ನು ಅಂಗೈಯಲ್ಲಿ ಪುಡಿ ಮಾಡಿ, ಬೆರಳಿಗೆ ಹಚ್ಚಿಕೊಂಡು ಅವಳ ಕೆನ್ನೆಯ ಒಳಗೆ, ಒಸಡಿನ ಮೇಲೆ ತಿಕ್ಕಿದೆ. ಮೊದಲು ಉಗಿದಳು. ಮತ್ತೆ ಹಚ್ಚಿದೆ. ನುಂಗು, ನುಂಗು ಎಂದು ಹೇಳುತ್ತಲೇ ಇದ್ದೆ. ನುಂಗಿದಳು. ಇನ್ನೊಂದು ಚೂರು. ಇದ್ದದ್ದೆಲ್ಲ ಕೊಟ್ಟೆ.

ಆ ಹತ್ತು ಹದಿನೈದು ನಿಮಿಷ ನಾನು ಯಾವ ದೇವರನ್ನೂ ಬೇಡಲಿಲ್ಲ. ಶನಿವಾರ ಸಂಜೆ ಕಂಬದ ಪಕ್ಕ ನಿಂತಿದ್ದೆನಲ್ಲ, ಅದೊಂದೇ ಕಣ್ಣ ಮುಂದೆ ಇತ್ತು. ಏನಿಲ್ಲ ಗಿರಿಯಣ್ಣ ಎಂದಿದ್ದೆ. ಇವಳು ಸತ್ತರೆ ಆ ಮಾತಿನಿಂದ ಸಾಯುತ್ತಾಳೆ.

ಮರದಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ನಿಧಾನವಾಗಿ ಅವಳ ಉಸಿರು ಒಂದು ಹದಕ್ಕೆ ಬಂತು. ತಲೆ ಎತ್ತಿ ನನ್ನನ್ನು ನೋಡಿದಳು. ಈ ಸಲ ನಿಜವಾಗಿ ನೋಡಿದಳು.

"ಯಾರು ನೀವು?"

"ಮಾಲತಿ. ಎಸ್ಟೇಟಿನವಳು."

ಬಾಯಿ ಚಪ್ಪರಿಸಿದಳು. "ಬೆಲ್ಲ... ನಿಮ್ ಹತ್ರ ಬೆಲ್ಲ ಯಾಕಿತ್ತು?"

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. "ನಂಗೂ ಇದೆ" ಎಂದೆ.

"ಎಷ್ಟು ವರ್ಷದಿಂದ?"

"ಒಂಬತ್ತು."

"ನಂದು ಹನ್ನೊಂದು. ಸೀನಿಯರ್ ನಾನು." ನಗಲು ಹೋಗಿ ಕಾಲು ನೋವಿಗೆ ಮುಖ ಕಿವುಚಿದಳು. "ನೀವ್ಯಾಕೆ ನೀಲಿ ನಂಬರ್ ಹಾಕ್ಕೊಂಡಿಲ್ಲ?"

"ಇಲ್ಲಿ ಯಾರಿಗೂ ಗೊತ್ತಿಲ್ಲ."

ಅವಳು ಮೇಲಿನ ಗಿಡದಲ್ಲಿ ಅಲುಗುತ್ತಿದ್ದ ರಿಬ್ಬನ್ ನೋಡಿ, "ಇಲ್ಲಿಗೆ ಯಾಕೆ ರಿಬ್ಬನ್ ಕಟ್ಟಿದಾರೆ? ಇದು ದಾರಿನೇ ಅಲ್ವಲ್ಲ?" ಎಂದಳು.

ಅಷ್ಟರಲ್ಲಿ ಮೇಲಿನಿಂದ ಗಂಡಸರ ಕೂಗು ಕೇಳಿಸಿತು. ರೈಟರ್ ಫೋನ್ ಮಾಡಿದ್ದರು. ನಾನು ಕೂಗಿ ಜಾಗ ತಿಳಿಸಿದೆ.

ಗಿರಿಯಣ್ಣ ಮೊದಲು ಬಂದ. ಗುಂಡಿಯ ಅಂಚಿಗೆ ಬಂದವನು ಹುಡುಗಿಯನ್ನು ನೋಡಿದ, ಹತ್ತೊಂಬತ್ತನೆಯ ಗಿಡವನ್ನು ನೋಡಿದ. ಕೈ ಹಾಕಿ ಕಾಂಡವನ್ನು ಸವರಿದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತು. ಹುಡುಗಿಯನ್ನು ಬೆನ್ನಿಗೆ ಹೊತ್ತುಕೊಂಡು ಇಳಿಜಾರು ಹತ್ತಿದ.

ಕಣದಲ್ಲಿ ಡಾಕ್ಟರ ಶಾಮಿಯಾನದ ಸುತ್ತ ಜನ ಸೇರಿದ್ದರು. ಬೆರಳು ಚುಚ್ಚಿ ನೋಡಿದ ಡಾಕ್ಟರು, ಈಗ ಪರವಾಗಿಲ್ಲ, ಇನ್ನೂ ಅರ್ಧ ಗಂಟೆ ತಡವಾಗಿದ್ದರೆ ಏನೂ ಹೇಳಲು ಬರುತ್ತಿರಲಿಲ್ಲ ಎಂದರು. ಕಾಲಿಗೆ ಪಟ್ಟಿ ಕಟ್ಟಿ ಮಂಚದ ಮೇಲೆ ಮಲಗಿಸಿದರು. ಪುಟ್ಟರಾಜು ಮಗಳ ತಲೆಯ ಹತ್ತಿರ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಸ್ವೆಟರ್ ಇನ್ನೂ ತೋಳಿನ ಮೇಲೆಯೇ ಇತ್ತು.

ಶೋಭಿತಾ ಮೇಡಂ ಗಿರಿಯಣ್ಣನನ್ನು ಶಾಮಿಯಾನದ ಹೊರಗೆ ನಿಲ್ಲಿಸಿಕೊಂಡಿದ್ದರು. "ಮ್ಯಾಪಲ್ಲಿ ಇಲ್ಲದ ಕಡೆ ರಿಬ್ಬನ್ ಹೇಗೆ ಬಂತು ಗಿರಿ? ನಿಮ್ಮ ಮೇಲೆ ನಂಬಿಕೆ ಇಟ್ಟು ಬಿಟ್ಟಿದ್ದೆ ನಾನು."

"ನಾನು ದಾರಿಗೆ ಸರಿಯಾಗೇ ಕಟ್ಟಿದ್ದೆ ಮೇಡಂ."

"ಮತ್ತೆ ಅದನ್ನ ದೆವ್ವ ಕಟ್ಟಿತಾ?"

"ದೆವ್ವ ಎಂಥದು ಮೇಡಂ" ಎಂದರು ರೈಟರ್. "ಒಳಗೆ ಹಾಕ್ಕೊಂಡು ಕಟ್ಟಿರ್ತಾನೆ. ಆಗ ಇವ್ನಿಗೆ ಎಲ್ಲಾ ಕಡೆನೂ ದಾರಿನೇ ಕಾಣ್ತದೆ."

ಕೆಲವರು ನಕ್ಕರು. ಗಿರಿಯಣ್ಣ ಕುಡಿಯುವುದು ಬಿಟ್ಟು ಎರಡು ವರ್ಷವಾಗಿತ್ತು. ಅದು ರೈಟರಿಗೂ ಗೊತ್ತಿತ್ತು. ಗಿರಿಯಣ್ಣನ ಕಿವಿ ಕೆಂಪಾಯಿತು. ಅವನು ನೆಲ ನೋಡುತ್ತಾ ನಿಂತ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದರೆ ಜನ ನನ್ನ ಕಡೆ ತಿರುಗುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಆಗಲೇ ಪುಟ್ಟರಾಜು ಎದ್ದು ಬಂದರು. ಜನರ ನಡುವಿನಿಂದ ನೇರವಾಗಿ ನನ್ನ ಹತ್ತಿರ ಬಂದು ಎರಡೂ ಕೈ ಜೋಡಿಸಿದರು. ಅಷ್ಟು ದೊಡ್ಡವರು. ಉಗುರಿನಲ್ಲಿ ಶುಂಠಿ ಹೊಲದ ಮಣ್ಣು ಇತ್ತು.

"ನನ್ ಮಗೀನ ಉಳಿಸ್ಕೊಟ್ಟೆ ಕಣವ್ವ. ನೀನಿಲ್ದಿದ್ರೆ ನಾನು ಇವತ್ತು ಬರೀಗೈಲಿ ಮನೆಗ್ ಹೋಗ್ಬೇಕಿತ್ತು. ನಿಂಗೆ ಹೆಂಗ್ ಗೊತ್ತಾಯ್ತವ್ವ ಅವ್ಳು ಅಲ್ಲಿ ಅವ್ಳೆ ಅಂತ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಲೈನಿನ ಹೆಂಗಸರಿದ್ದರು, ಕೆಂಚಿಯಕ್ಕನ ಪಕ್ಕದಲ್ಲಿ ಅವ್ವ ಇದ್ದಳು. ಅವ್ವನ ಮುಖದಲ್ಲಿ ಹೆಮ್ಮೆ ಇತ್ತು. ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ನಾಚಿಕೆಯ ಹುಡುಗಿ ಎಂದು ಬಿಟ್ಟುಬಿಡುತ್ತಿದ್ದರು. ಇಷ್ಟು ವರ್ಷ ಹಾಗೇ ಬಿಟ್ಟಿದ್ದರು.

"ಕೈ ಇಳಿಸಿ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಕೈ ಇಳಿಸಿ. ಆ ರಿಬ್ಬನ್ ಕಟ್ಟಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ.

"ಬೋರರ್ ಗಿಡಕ್ಕೆ ಕಟ್ಟೋ ಬಟ್ಟೆ ಮುಗ್ದಿತ್ತು. ಓಟದ ರಿಬ್ಬನ್ ಚೀಲದಲ್ಲಿತ್ತು, ಅದನ್ನೇ ಕಟ್ಟಿದೆ. ಗಿರಿಯಣ್ಣಂಗೆ ಗೊತ್ತಿಲ್ಲ. ಅವ್ನು ಕುಡ್ದೂ ಇಲ್ಲ."

ಪುಟ್ಟರಾಜು ಜೋಡಿಸಿದ ಕೈ ನಿಧಾನವಾಗಿ ಬಿಡಿಸಿದರು. "ಮರ್ತು ಹೋಯ್ತಾ ಬಿಚ್ಚೋಕೆ?"

ಹೂಂ ಎಂದಿದ್ದರೆ ಅವರು ಅಲ್ಲಿಗೇ ಬಿಡುತ್ತಿದ್ದರು. ಅವರ ಮುಖದಲ್ಲಿ ಅದು ಕಾಣುತ್ತಿತ್ತು.

"ಮರ್ತಿಲ್ಲ. ನಿನ್ನೆ ಸಂಜೆ ನೋಡ್ದೆ. ಹೇಳೋಕೆ ಅಂತ ಇಲ್ಲಿಗೇ ಬಂದಿದ್ದೆ. ಹೇಳ್ಲಿಲ್ಲ."

"ಯಾಕೆ?"

ನಿನ್ನೆ ಎಲ್ಲರೂ ತಿರುಗಿ ನೋಡಿದರು, ಅದಕ್ಕೇ ಬಾಯಿ ಬಿಡಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಾರೆ?

"ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲವ್ವ" ಎಂದರು ಅವರು. ಧ್ವನಿ ಏರಿತು. "ಬೆಳಿಗ್ಗೆ ನಂಗೆ ಬಿಸಿನೀರು ತಂದ್ಕೊಟ್ಯಲ್ಲ. ನನ್ ಮುಂದೇ ನಿಂತಿದ್ಯಲ್ಲ! ಅವಾಗ ಹೇಳ್ಬೋದಿತ್ತಲ್ಲ!"

"ಹೇಳ್ಬೋದಿತ್ತು."

"ಅಪ್ಪ, ಬಿಡು." ಮಂಚದ ಮೇಲಿನಿಂದ ಹರ್ಷಿತಾ ಎದ್ದು ಕುಳಿತಿದ್ದಳು. "ಅವ್ರ ಹತ್ರ ಇದ್ದ ಬೆಲ್ಲನೆಲ್ಲ ನಂಗೆ ಕೊಟ್ರು. ಅವ್ರಿಗೂ ಇದೆ ಅಪ್ಪ ಈ ಕಾಯಿಲೆ. ಒಂಬತ್ತು ವರ್ಷದಿಂದ."

ಒಳ್ಳೆಯದಕ್ಕೆಂದೇ ಹೇಳಿದಳು. ಕೆಂಚಿಯಕ್ಕ ಅವ್ವನ ಕಡೆ ತಿರುಗಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂಬತ್ತು ವರ್ಷ ಅವಳು ಈರುಳ್ಳಿ ಹರಡಿ ಮುಚ್ಚಿದ್ದು ಅಷ್ಟು ಜನರ ಮುಂದೆ ಬಿದ್ದಿತ್ತು. ನಾನು ಅವಳ ಹತ್ತಿರ ಹೋಗಬೇಕು ಎಂದುಕೊಂಡೆ.

ಪುಟ್ಟರಾಜು ನನ್ನನ್ನು ನೋಡುತ್ತಿದ್ದರು. ಮುಖವನ್ನಲ್ಲ, ನನ್ನ ಕೈಗಳನ್ನು. ಬೆರಳು ನಡುಗುತ್ತಿದ್ದವು. ಹೆದರಿಕೆಗೆ ಎಂದು ನಾನು ಅಂದುಕೊಂಡಿದ್ದೆ. ಅವರು ಹತ್ತಿರ ಬಂದು, ನನ್ನ ಹಣೆಗೆ ಕೈಯ ಹಿಂಬದಿ ಇಟ್ಟು ನೋಡಿದರು. ಬೆವರು.

"ಎಷ್ಟೊತ್ತಿಗೆ ಉಂಡಿದ್ದೆ?"

"ಐದ್ ಗಂಟೆಗೆ. ಎರಡು ರೊಟ್ಟಿ."

"ಸೂಜಿ?"

"ಅದಕ್ಕೂ ಮುಂಚೆ."

"ತೋಟದ ಇಳಿಜಾರೆಲ್ಲ ಓಡಿ ಹತ್ತಿ ಇಳ್ದಿದೀಯ. ಈಗ ಹನ್ನೊಂದೂಮುಕ್ಕಾಲು." ಅವರ ದವಡೆ ಇನ್ನೂ ಬಿಗಿದೇ ಇತ್ತು. ತಿರುಗಿ, ಮಗಳಿಗೆಂದು ಇಟ್ಟಿದ್ದ ಸಕ್ಕರೆ ನೀರಿನ ಲೋಟ, ಎರಡು ಬಾಳೆಹಣ್ಣು ತಂದರು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದಲೇ ನನ್ನ ಹತ್ತಿರಕ್ಕೆ ಎಳೆದರು.

"ಕೂತ್ಕೊ. ಮೊದ್ಲು ಇದನ್ನ ಕುಡಿ. ಬಯ್ಯೋದು ಆಮೇಲೆ ಬಯ್ತೀನಿ."

ಕುಳಿತೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ನೀರು ತುಳುಕಿತು. ಅವರು ಲೋಟದ ಬುಡಕ್ಕೆ ಕೈ ಕೊಟ್ಟರು. ಅಷ್ಟೂ ಜನರ ಎದುರು ಕುಡಿದೆ. ಬಾಳೆಹಣ್ಣಿನ ಸಿಪ್ಪೆ ಬಿಡಿಸಲು ನನ್ನ ಬೆರಳಿಗೆ ಆಗಲಿಲ್ಲ. ಅವರೇ ಬಿಡಿಸಿಕೊಟ್ಟರು. ಎರಡನ್ನೂ ತಿಂದೆ. ಅವರು ಆತುರ ಮಾಡಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದರು. ನಡುಕ ನಿಂತ ಮೇಲೂ ಸ್ವಲ್ಪ ಹೊತ್ತು ಕಾದರು.

ಆಮೇಲೆ ಬೈದರು. ಮಗಳಿಗೆ ಬೈಯುವ ಹಾಗೆ ಬೈದರು, ತಪ್ಪು ಮಾಡಿದ ಆಳಿಗೆ ಬೈಯುವ ಹಾಗೆಯೂ ಬೈದರು, ಮಧ್ಯದಲ್ಲಿ ಒಂದು ಸಲ ಅತ್ತರು. ನಾನು ಎದ್ದು ನಿಂತು, ತಲೆ ತಗ್ಗಿಸದೆ, ಒಂದೊಂದು ಮಾತನ್ನೂ ಕೇಳಿಸಿಕೊಂಡೆ.